ಒಂದು ತಟ್ಟೆ ಜಾಸ್ತಿ

ರಾಜಾಜಿನಗರ

ಅಮೆರಿಕಕ್ಕೆ ಹೋಗಿ ಬಂದವರು ಏನೇನು ನೋಡಿ ಬಂದಿರಬೇಕು ಎಂಬ ಬಗ್ಗೆ ನಮ್ಮ ರಾಜಾಜಿನಗರದ ಜನಕ್ಕೆ ಖಚಿತವಾದ ಅಭಿಪ್ರಾಯವಿದೆ. ನೂರು ಅಂತಸ್ತಿನ ಕಟ್ಟಡ ನೋಡಿರಬೇಕು, ದೊಡ್ಡ ಜಲಪಾತದ ಮುಂದೆ ನಿಂತು ಫೋಟೊ ತೆಗೆಸಿಕೊಂಡಿರಬೇಕು, ತಣ್ಣನೆಯ ಹಾಲು ಕುಡಿದು ಸ್ವಲ್ಪವಾದರೂ ಬೆಳ್ಳಗಾಗಿ ಬಂದಿರಬೇಕು. ನಾನು ಹೋದಷ್ಟೇ ಕಪ್ಪಗೆ ಬಂದೆ. ನೋಡಿದ್ದು ಜೈಲು. ಒಂದು ವರ್ಷ ಪೂರ್ತಿ ದಿನಾ ಬೆಳಿಗ್ಗೆ ಅದರೊಳಗೆ ಹೋಗಿ ಸಂಜೆ ಹೊರಗೆ ಬರುತ್ತಿದ್ದೆ. ಹೀಗೆಂದು ಹೇಳಿದರೆ ಕೇಳಿದವರು ಅಮ್ಮನ ಮುಖ ನೋಡಿ, ಕಾಫಿ ಚೆನ್ನಾಗಿದೆ ಎನ್ನುತ್ತಾರೆ.

ವಿಷಯ ಇಷ್ಟೇ. ನಾನು ಹೋಗಿದ್ದು ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಮಾಡಲು. ಅಲ್ಲಿ ಪ್ರಬಂಧ ಬರೆದು ಒಪ್ಪಿಸಿದರೆ ಸಾಲದು. ಒಂದು ವರ್ಷ ಯಾರಾದರೂ ಹಿರಿಯರ ಕೈಕೆಳಗೆ ನಿಜವಾದ ಮನುಷ್ಯರ ನಡುವೆ ಕೆಲಸ ಕಲಿಯಬೇಕು. ಇಂಟರ್ನ್‌ಶಿಪ್ ಎನ್ನುತ್ತಾರೆ. ಆಸ್ಪತ್ರೆಗಳಿಗೆಲ್ಲ ಅರ್ಜಿ ಹಾಕಿದೆ. ಒಂದೂ ಸಿಗಲಿಲ್ಲ. ಕೊನೆಗೆ ಯಾರಿಗೂ ಬೇಡವಾಗಿದ್ದ ಜಾಗ ಒಂದು ಉಳಿದಿತ್ತು. ಜೋಳದ ಹೊಲಗಳ ನಡುವಿನ ಒಂದು ಊರಿನ ಗಂಡಸರ ಜೈಲು.

ಅಣ್ಣನ ಮದುವೆಗೆಂದು ಮನೆಗೆ ಬಂದಿದ್ದಾಗ ಬಾಯಿಬಿಟ್ಟೆ. ಬಿಡಬಾರದಿತ್ತು.

"ಜೈಲಾ? ಗಂಡಸರ ಜೈಲಾ?" ಅಮ್ಮ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. "ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೇ. ಆಸ್ಪತ್ರೆ ಅನ್ನು. ದೊಡ್ಡ ಆಸ್ಪತ್ರೆ ಅನ್ನು."

ಅಷ್ಟರಲ್ಲಿ ಪಕ್ಕದ ಮನೆಯ ರಂಗಣ್ಣನವರು ಒಳಗೆ ಬಂದು ಕೂತಾಗಿತ್ತು. ಅವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು. ಅವರ ಕಿವಿಗೆ ಬೀಳದ ಸುದ್ದಿ ನಾಲ್ಕನೇ ಬ್ಲಾಕಿನಲ್ಲಿ ಇರಲಿಲ್ಲ. "ಅಲ್ಲಮ್ಮ ಸರೋಜ, ಜೈಲೇ ಬೇಕಿದ್ರೆ ಮೆಜೆಸ್ಟಿಕ್ ಹತ್ರಾನೇ ಇತ್ತಲ್ಲ. ಬಸ್ಸಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ಮನೇಗೆ ಬಂದ್ಬಿಡಬಹುದಿತ್ತು. ಇದಕ್ಕೆ ಸಮುದ್ರ ದಾಟ್ಬೇಕಾ?" ಎಂದರು. ಆಮೇಲೆ ಮಾತು ವಿಜಯನಗರದಲ್ಲಿ ಸೈಟು ತೆಗೆದುಕೊಳ್ಳುವುದೋ ಬಿಡುವುದೋ ಎಂಬ ಕಡೆಗೆ ಹೊರಳಿತು. ನಾನು ಬದುಕಿಕೊಂಡೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಲ್ಲಿಯವರು ಆಡಿದ್ದು ಇಂಗ್ಲಿಷಿನಲ್ಲಾದರೂ ನಾನು ನಮ್ಮ ಮನೆಯ ಮಾತಿಗೆ ತಿರುಗಿಸಿಕೊಂಡೇ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ನನಗೆ ಸರಿಯಾಗಿ ಸಿಟ್ಟು ಬರುವುದಿಲ್ಲ.

ಹೆಬ್ಬಾಗಿಲು

ಮೊದಲ ದಿನ ಒಳ್ಳೆಯ ಸೀರೆ ಉಟ್ಟುಕೊಂಡು ಹೋದೆ. ಮೈಸೂರು ರೇಷ್ಮೆ, ನೀಲಿ, ಅಂಚು ಸಣ್ಣದು. ಕೆಲಸಕ್ಕೆ ಸೇರುವ ದಿನ ಮತ್ತೇನು ಉಡುತ್ತಾರೆ? ಹೆಬ್ಬಾಗಿಲಲ್ಲಿ ಲೋಹ ಹಿಡಿಯುವ ಒಂದು ಚೌಕಟ್ಟು ಇತ್ತು. ನಾನು ಒಳಗೆ ಕಾಲಿಟ್ಟ ಕೂಡಲೇ ಅದು ಕಿರುಚಿತು. ಬಳೆ ತೆಗೆದೆ, ಕಿರುಚಿತು. ಗಡಿಯಾರ ತೆಗೆದೆ, ಕಿರುಚಿತು. ಕೊನೆಗೆ ನೆರಿಗೆಗೂ ಸೆರಗಿಗೂ ಚುಚ್ಚಿದ್ದ ಪಿನ್ನುಗಳು ನೆನಪಾದವು. ಅವುಗಳನ್ನು ತೆಗೆದಿಟ್ಟು, ಎರಡು ಕೈಯಲ್ಲೂ ಸೀರೆ ಹಿಡಿದುಕೊಂಡು ದಾಟಿದೆ. ಆಗ ಕಾವಲುಗಾರ ಸೀರೆಯನ್ನೇ ನೋಡತೊಡಗಿದ.

"ಇದೆಲ್ಲ ಒಂದೇ ಬಟ್ಟೆನಾ?"

"ಹೌದು."

"ಎಷ್ಟು ಉದ್ದ?"

ಸತ್ಯ ಹೇಳಿದೆ. ಆರು ಗಜ. ಆತ ಫೋನೆತ್ತಿ ಒಳಗಿನವರ ಜೊತೆ ಮಾತಾಡಿದ. ಮಾತಾಡುತ್ತ ಒಮ್ಮೆ ಸೀರೆಯನ್ನೂ ಒಮ್ಮೆ ಕಿಟಕಿಯಾಚೆಯ ಗೋಡೆಯನ್ನೂ ನೋಡಿದ. ಆರು ಗಜದ ಗಟ್ಟಿ ಬಟ್ಟೆ ಗೋಡೆ ಹಾರುವ ಹಗ್ಗಕ್ಕೆ ಸಮ ಎಂದು ತೀರ್ಮಾನವಾಯಿತು. ಗೋಡೆ ಅದರ ಎರಡರಷ್ಟು ಎತ್ತರ ಇದೆಯಲ್ಲ ಎಂದು ನಾನು ವಾದಿಸಿದೆ. "ನಾಳೆ ಇನ್ನೊಬ್ಬರು ಇಂಥದ್ದೇ ಉಟ್ಕೊಂಡು ಬಂದ್ರೆ?" ಎಂದ. ಆ ಊರಿನ ಸುತ್ತ ಹಗಲಿಡೀ ಕಾರು ಓಡಿಸಿದರೂ ಇನ್ನೊಂದು ಸೀರೆ ಸಿಗುತ್ತಿರಲಿಲ್ಲ. ಮಾರನೆಯ ದಿನದಿಂದ ಪ್ಯಾಂಟು ಹಾಕಿಕೊಂಡು ಹೋದೆ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಒಳಗೆ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಅಂಥ ಅಗತ್ಯ ಬೀಳಬಹುದೆಂದು ಕಟ್ಟಿದವರಿಗೆ ಹೊಳೆದೇ ಇರಲಿಲ್ಲ. ಒಬ್ಬ ಕಾವಲುಗಾರನನ್ನು ಕರೆದು, ಆತ ಒಂದೊಂದೇ ಬಾಗಿಲು ತೆಗೆದು ಮುಚ್ಚಿ, ನನ್ನನ್ನು ಹೆಬ್ಬಾಗಿಲವರೆಗೆ ಕರೆತಂದು, ಹೊರಗೆ ಕಾದು ನಿಂತು, ಮತ್ತೆ ಅಷ್ಟೂ ಬಾಗಿಲು ದಾಟಿಸಿ ಒಳಗೆ ಬಿಡಬೇಕು. ನಾನು ನೀರು ಕುಡಿಯುವುದನ್ನೇ ಬಿಟ್ಟೆ.

ಇನ್ನು ಎಣಿಕೆ. ದಿನಕ್ಕೆ ಹಲವು ಸಲ ಸೀಟಿ ಊದುತ್ತಾರೆ. ಆಗ ಯಾರು ಎಲ್ಲಿದ್ದರೆ ಅಲ್ಲೇ ನಿಲ್ಲಬೇಕು. ಖೈದಿಗಳನ್ನೆಲ್ಲ ಎಣಿಸಿ, ಲೆಕ್ಕ ಕೂಡಿ ಬಂದ ಮೇಲೆಯೇ ಬಾಗಿಲು ತೆರೆಯುವುದು. ಚಳಿಗಾಲದಲ್ಲಿ ಒಂದು ದಿನ ಲೆಕ್ಕ ಕೂಡಿಬರಲೇ ಇಲ್ಲ. ಎರಡು ಸಲ ಎಣಿಸಿದರು, ಮೂರು ಸಲ ಎಣಿಸಿದರು. ಪ್ರತಿ ಸಲವೂ ಒಬ್ಬ ಜಾಸ್ತಿ. ಒಬ್ಬ ಕಡಿಮೆಯಾದರೆ ಏನು ಮಾಡಬೇಕೆಂದು ಅವರಿಗೆ ಗೊತ್ತಿತ್ತು. ಜಾಸ್ತಿಯಾದರೆ ಏನು ಮಾಡಬೇಕೆಂಬ ನಿಯಮ ಇರಲಿಲ್ಲ. ಉಣ್ಣೆ ಟೋಪಿ, ದಪ್ಪ ಕೋಟು, ಪ್ಯಾಂಟು ಹಾಕಿಕೊಂಡು ಓಣಿಯ ಗೋಡೆಗೆ ಒರಗಿ ನಿಂತಿದ್ದ ನನ್ನನ್ನು ಸೇರಿಸಿಕೊಂಡೇ ಎಣಿಸುತ್ತಿದ್ದರು ಎಂದು ಕೊನೆಗೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಊಟಕ್ಕೆ ಕೂತವರನ್ನು ಎಣಿಸಿದರೆ ಅಜ್ಜಿ ಬೈಯುತ್ತಿದ್ದರು. ಇಲ್ಲಿ ಎಣಿಸುವುದೇ ಕಸುಬು, ಅದೂ ತಪ್ಪು ಲೆಕ್ಕ.

ಬಾಬ್ ಸಾರ್ ಮನೆ

ನನ್ನ ಮಾರ್ಗದರ್ಶಕರು ಆ ಜೈಲಿನ ಹಿರಿಯ ಮನಶ್ಶಾಸ್ತ್ರಜ್ಞರು. ತಲೆ ಪೂರ್ತಿ ಬೆಳ್ಳಗಾಗಿತ್ತು. ಮೊದಲ ದಿನವೇ, "ನನ್ನನ್ನ ಬಾಬ್ ಅಂದ್ರೆ ಸಾಕು" ಎಂದುಬಿಟ್ಟರು. ಅಪ್ಪನ ವಯಸ್ಸಿನವರನ್ನು ಹೆಸರು ಹಿಡಿದು ಕೂಗಲು ನನಗೆ ನಾಲಿಗೆ ಏಳಲಿಲ್ಲ. ಡಾಕ್ಟರ್ ಎಂದರೆ ಅವರಿಗೆ ಬೇಸರ. ಕೊನೆಗೆ 'ಬಾಬ್ ಸಾರ್' ಎಂದು ರಾಜಿ ಮಾಡಿಕೊಂಡೆ. ಒಳ್ಳೆಯ ಮನುಷ್ಯ. ಹಿಮ ಬಿದ್ದ ದಿನಗಳಲ್ಲಿ ತಾವೇ ಬಂದು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು, ಅದೂ ಪೆಟ್ರೋಲಿಗೆ ಅಮೆರಿಕದವರೇ ಸಾಲು ನಿಲ್ಲುತ್ತಿದ್ದ ಕಾಲದಲ್ಲಿ. ಅದಕ್ಕಾಗಿಯೇ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ನನಗೆ ಕಷ್ಟವಾಗುತ್ತಿತ್ತು. ಆದರೂ ಮಾಡಿಕೊಂಡೆ.

ಅಮ್ಮ ಹಡಗಿನ ಅಂಚೆಯಲ್ಲಿ ಕಳಿಸಿದ್ದ ಕೋಡುಬಳೆ ತಿಂಗಳುಗಟ್ಟಲೆ ಸಮುದ್ರದ ಮೇಲೆ ತೇಲಿ, ಅರ್ಧ ಪುಡಿಯಾಗಿ ಬಂದು ತಲುಪಿತು. ಪುಡಿಯಾಗದೆ ಉಳಿದದ್ದನ್ನು ಒಂದು ಡಬ್ಬಿಗೆ ಹಾಕಿಕೊಂಡು, ಒಂದು ಭಾನುವಾರ ಮಧ್ಯಾಹ್ನ ಬಾಬ್ ಸಾರ್ ಮನೆಗೆ ನಡೆದುಹೋದೆ. ಅಷ್ಟು ಉಪಕಾರ ಮಾಡಿದವರ ಮನೆಗೆ ಹೋಗದಿದ್ದರೆ ಹೇಗೆ? ಗಂಟೆ ಒತ್ತಿದೆ. ಬಾಗಿಲು ತೆಗೆದವರು ಗಾಬರಿಯಾದರು.

"ಸರೋಜಾ! ಏನಾಯ್ತು? ಏನಾದ್ರೂ ತೊಂದ್ರೆನಾ?"

"ಏನಿಲ್ಲ ಸಾರ್. ಸುಮ್ನೆ ಬಂದೆ."

"ಸುಮ್ನೆ ಅಂದ್ರೆ?"

ಡಬ್ಬಿ ಮುಂದೆ ಚಾಚಿದೆ. ಅವರು ಅದನ್ನು ತೆಗೆದುಕೊಂಡು, "ನಾವು ಈಗಷ್ಟೇ ಊಟಕ್ಕೆ ಕೂತ್ವಿ. ನೀನು ಇಲ್ಲಿ ಆರಾಮಾಗಿ ಕೂತಿರು, ಬಂದ್ಬಿಡ್ತೀವಿ" ಎಂದು ಮುಂದಿನ ಕೋಣೆಯಲ್ಲಿ ನನ್ನನ್ನು ಕೂರಿಸಿ, ಊಟದ ಮನೆಯ ಬಾಗಿಲು ಎಳೆದುಕೊಂಡರು. ಮೀನು ಹಿಡಿಯುವುದು ಹೇಗೆಂಬ ಪತ್ರಿಕೆಯೊಂದು ಮುಂದಿತ್ತು. ಮೀನು ತಿನ್ನದ ನಾನು ಅದನ್ನು ಮೊದಲಿಂದ ಕೊನೆವರೆಗೆ ಓದಿದೆ. ಒಳಗಿನಿಂದ ಚಮಚಗಳ ಸದ್ದು, ಬೆಣ್ಣೆ ಹಚ್ಚಿ ಸುಟ್ಟ ಜೋಳದ ವಾಸನೆ. ನಡುವೆ ಅವರ ಹೆಂಡತಿ ಬಂದು ನಗುನಗುತ್ತ ಒಂದು ಲೋಟ ಐಸ್ ನೀರು ಕೊಟ್ಟು ಹೋದರು. ಹೊರಗೂ ಐಸೇ ಇತ್ತು. ಊಟ ಮುಗಿಸಿ ಬಂದು ಇಬ್ಬರೂ ನನ್ನೆದುರು ಕೂತು, "ಹೇಳು, ನಮ್ಮಿಂದ ಏನಾಗಬೇಕಿತ್ತು?" ಎಂದು ಕೇಳಿದರು.

ಇಂಥ ಭಾನುವಾರಗಳಲ್ಲಿ ನಮ್ಮ ಮನೆಗೆ ಸುಂಕದಕಟ್ಟೆಯಿಂದ ದೊಡ್ಡಪ್ಪ ಬರುತ್ತಿದ್ದರು. ಮಾಗಡಿ ರಸ್ತೆಯ ಧೂಳೆಲ್ಲ ಮೈಮೇಲೆ ಹೊತ್ತು, ಚೀಲದಲ್ಲಿ ಹೊಲದ ಅವರೆಕಾಯಿ ತುಂಬಿಕೊಂಡು, ಸರಿಯಾಗಿ ಊಟದ ಹೊತ್ತಿಗೆ. ಒಂದು ದಿನವಾದರೂ ಹೇಳಿ ಬಂದವರಲ್ಲ. ಹೇಳುವುದಾದರೂ ಹೇಗೆ, ಇಡೀ ಬೀದಿಗೆ ಫೋನು ಇದ್ದದ್ದು ಒಂದು ಮನೆಯಲ್ಲಿ. ಅಮ್ಮ ಸಾರಿಗೆ ಒಂದು ಲೋಟ ನೀರು ಹೊಯ್ದು ಮತ್ತೊಂದು ಕುದಿ ಬರಿಸುತ್ತಿದ್ದಳು. ಅತ್ತಿಗುಪ್ಪೆಯಿಂದ ಹಾಲು ತರುತ್ತಿದ್ದ ಕೆಂಪಮ್ಮ ಕೂಡ ಮೆಟ್ಟಿಲ ಮೇಲೆ ಕೂತು ಉಪ್ಪಿಟ್ಟು ತಿನ್ನದೆ ಹೋದದ್ದಿಲ್ಲ. ಅಮ್ಮನಿಗೆ ಇದರಿಂದ ಸಂತೋಷವೇನೂ ಆಗುತ್ತಿರಲಿಲ್ಲ, ದೊಡ್ಡಪ್ಪ ಹೋದ ಮೇಲೆ ಪಾತ್ರೆಗಳನ್ನು ಸದ್ದಾಗುವಂತೆ ಕುಕ್ಕುತ್ತಿದ್ದಳು. ಆದರೆ ಬಾಗಿಲು ಎಳೆದುಕೊಂಡು ಊಟ ಮಾಡುವ ಉಪಾಯ ಅವಳಿಗೆ ಹೊಳೆದಿರಲಿಲ್ಲ.

ಪರೀಕ್ಷೆಯ ಕೋಣೆ

ಜೈಲಿನಲ್ಲಿ ನನ್ನ ಮುಖ್ಯ ಕೆಲಸ ಬುದ್ಧಿಯ ಅಳತೆ. ಪ್ರಶ್ನೆಗಳ ಒಂದು ಪೆಟ್ಟಿಗೆ, ಉತ್ತರ ಅಳೆಯುವ ಒಂದು ದಪ್ಪ ಪುಸ್ತಕ. ಖೈದಿಯನ್ನು ಎದುರು ಕೂರಿಸಿ, ಪುಸ್ತಕದಲ್ಲಿರುವ ಮಾತುಗಳನ್ನೇ ಅಕ್ಷರ ಬಿಡದೆ ಕೇಳಬೇಕು. ಆತ ಹೇಳಿದ್ದನ್ನು ಅಕ್ಷರ ಬಿಡದೆ ಬರೆದುಕೊಳ್ಳಬೇಕು. ಪೂರ್ತಿ ಸರಿಯಾದರೆ ಎರಡು ಅಂಕ, ಅರ್ಧ ಸರಿಯಾದರೆ ಒಂದು, ಇಲ್ಲದಿದ್ದರೆ ಸೊನ್ನೆ. ಬಂದ ಒಟ್ಟು ಅಂಕಗಳ ಮೇಲೆ ಅವನು ಕೆಲಸ ಕಲಿಯುವ ಶಾಲೆಗೆ ಹೋಗುತ್ತಾನೋ, ನೆಲ ಒರೆಸುತ್ತಾನೋ ಎಂದು ತೀರ್ಮಾನ.

ಆ ಪೆಟ್ಟಿಗೆಯ ಮೇಲೆ ನನಗೆ ಮೊದಲಿನಿಂದಲೂ ಕೋಪ. ಕಲಿಯುವಾಗ ನಮ್ಮ ಮೇಲೆಯೇ ಅದನ್ನು ಪ್ರಯೋಗ ಮಾಡಿದ್ದರು. ಹುಲ್ಲು ಕತ್ತರಿಸುವ ಯಂತ್ರದ ಚಿತ್ರ ತೋರಿಸಿ ಇದರಲ್ಲಿ ಏನು ಇಲ್ಲ ಎಂದು ಕೇಳಿದ್ದರು. ನಾನು ಅಂಥ ಯಂತ್ರವನ್ನೇ ಕಂಡವಳಲ್ಲ. ನನಗೆ ತಿಳಿದ ಮಟ್ಟಿಗೆ ಹುಲ್ಲಿದ್ದ ಕಡೆ ಇಲ್ಲದೇ ಹೋದದ್ದು ಎಮ್ಮೆ. ಹಾಗೆಂದು ಹೇಳಿ ಸೊನ್ನೆ ತೆಗೆದುಕೊಂಡೆ.

ರೇಮಂಡ್ ನನ್ನೆದುರು ಬಂದು ಕೂತದ್ದು ಫೆಬ್ರವರಿಯಲ್ಲಿ. ನಲವತ್ತರ ಆಸುಪಾಸಿನ ಮನುಷ್ಯ, ದಕ್ಷಿಣದ ಗುಡ್ಡಗಾಡಿನವನು, ಬಡವರ ಮನೆಯವನು. ಊರಿನವರ ಹೆಸರಿನಲ್ಲಿ ಖೋಟಾ ಸಹಿ ಹಾಕಿ ಬ್ಯಾಂಕಿನ ಚೆಕ್ಕುಗಳ ಹಣ ನುಂಗಿದ್ದಕ್ಕೆ ಒಳಗೆ ಬಂದಿದ್ದ. ಐದು ವರ್ಷದಿಂದ ಜೈಲಿನ ಲಾಂಡ್ರಿಯಲ್ಲಿ ಬಟ್ಟೆ ಒಗೆಯುತ್ತಿದ್ದ. ಒಗೆಯುವ ಸೋಡಾದಿಂದ ಸವೆದ ಕೈಗಳು ಬೇಸಿಗೆಯ ಕೆರೆಯಂಗಳದ ಹಾಗೆ ಬಿರುಕು ಬಿಟ್ಟಿದ್ದವು.

"ಬೇಕರಿ ಶಾಲೆಗೆ ಹೋಗ್ಬೇಕು ಮಿಸ್," ಎಂದ. "ಬಟ್ಟೆ ಒಗೆಯೋದು ಕಲ್ತು ಹೊರಗೆ ಹೋದ್ರೆ ಯಾರು ಕೆಲ್ಸ ಕೊಡ್ತಾರೆ? ಮೂಲೆ ಮೂಲೇಲೂ ಕಾಸು ಹಾಕಿದ್ರೆ ಒಗೆಯೋ ಯಂತ್ರ ಇದೆ. ಬ್ರೆಡ್ ಮಾಡೋದು ಕಲ್ತ ಸರ್ಟಿಫಿಕೇಟ್ ತಂದ್ರೆ ನಮ್ಮೂರ ಬೇಕರಿಯವ್ರು ನನ್ನನ್ನ ಸೇರಿಸ್ಕೊತೀನಿ ಅಂದಿದಾರೆ. ಹಳೇದೆಲ್ಲ ಗೊತ್ತಿದ್ದೂ ಅಂದಿದಾರೆ."

ಜೈಲಿನೊಳಗಿನ ಬೇಕರಿ ಶಾಲೆಯ ತರಗತಿ ಮಾರ್ಚಿನಲ್ಲಿ ಶುರು. ಮುಂದಿನ ತರಗತಿಯ ಹೊತ್ತಿಗೆ ರೇಮಂಡನ ಶಿಕ್ಷೆ ಮುಗಿದಿರುತ್ತದೆ. ಸಿಕ್ಕಿದರೆ ಈಗ, ಇಲ್ಲದಿದ್ದರೆ ಬರಿಗೈಯಲ್ಲಿ ಊರಿಗೆ ಹೋಗಿ, ಅವನೇ ಹೇಳಿದಂತೆ, ಮತ್ತೆ ಯಾರದೋ ಸಹಿ ಕಲಿಯುವುದು.

ಪರೀಕ್ಷೆ ಮಾಡಿದೆ. ಅಂಕೆಗಳಲ್ಲಿ ಚುರುಕು, ಓದಿನಲ್ಲಿ ಹಿಂದೆ. ಕಷ್ಟದ ಪ್ರಶ್ನೆಗಳ ಉತ್ತರಗಳನ್ನೆಲ್ಲ ಪುಸ್ತಕ ತೆರೆದು, ಎರಡೆರಡು ಸಲ ಹೋಲಿಸಿ ಅಂಕ ಕೊಟ್ಟೆ. ಲೋಕಜ್ಞಾನದ ಪ್ರಶ್ನೆಗಳು ಸುಲಭ, ಅದಕ್ಕೆಲ್ಲ ಪುಸ್ತಕ ಯಾಕೆ? ಅವುಗಳಲ್ಲಿ ಒಂದು ಹೀಗಿತ್ತು: 'ನೀವು ಊಟಕ್ಕೆ ಕೂತಿರುವಾಗ ಮೊದಲೇ ತಿಳಿಸದೆ ಯಾರಾದರೂ ಮನೆಗೆ ಬಂದರೆ ಏನು ಮಾಡಬೇಕು?'

"ಒಂದು ತಟ್ಟೆ ಜಾಸ್ತಿ ಹಾಕ್ಬೇಕು," ಎಂದ ರೇಮಂಡ್.

ಎರಡು ಅಂಕ ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಒಟ್ಟು ಕೂಡಿಸಿದಾಗ ಬೇಕರಿ ಶಾಲೆಗೆ ಬೇಕಾದಷ್ಟು ಬಂದಿತ್ತು. ಅದಕ್ಕಿಂತ ಒಂದು ಅಂಕ ಮೇಲೆಯೇ.

ಬಾಬ್ ಸಾರ್ ಕೋಣೆ

ಇಂಟರ್ನ್ ಮಾಡಿದ ಪರೀಕ್ಷೆಗಳನ್ನೆಲ್ಲ ಬಾಬ್ ಸಾರ್ ಮತ್ತೊಮ್ಮೆ ನೋಡಿ ಸಹಿ ಹಾಕಬೇಕು. ಆ ವಾರ ನನ್ನನ್ನು ಕರೆಸಿದರು. ರೇಮಂಡನ ಹಾಳೆಗಳು ಮೇಜಿನ ಮೇಲಿದ್ದವು.

"ಈ ತಟ್ಟೆ ಉತ್ತರಕ್ಕೆ ಎರಡು ಅಂಕ ಕೊಟ್ಟಿದೀಯಲ್ಲ, ಯಾಕೆ?"

"ಸರಿ ಉತ್ತರ ಅಲ್ವಾ ಸಾರ್?"

ಅವರು ಪುಸ್ತಕವನ್ನು ನನ್ನ ಕಡೆಗೆ ತಿರುಗಿಸಿದರು. ಓದಿದೆ. ಈಗ ಅನುಕೂಲವಿಲ್ಲವೆಂದು ವಿನಯದಿಂದ ತಿಳಿಸಿ ಇನ್ನೊಂದು ದಿನ ಬರಲು ಹೇಳುವುದು, ಎರಡು ಅಂಕ. ಊಟ ಮುಗಿಯುವವರೆಗೆ ಬೇರೆ ಕೋಣೆಯಲ್ಲಿ ಕಾಯಲು ಹೇಳುವುದು, ಒಂದು ಅಂಕ. ಸಿದ್ಧತೆಯಿಲ್ಲದಿದ್ದರೂ ಊಟಕ್ಕೆ ಕೂರಿಸುವುದು, ಸೊನ್ನೆ. ಮುಂದಾಲೋಚನೆಯ ಕೊರತೆಯನ್ನು ಸೂಚಿಸುತ್ತದೆ.

ನನ್ನ ಪಿತ್ತ ನೆತ್ತಿಗೇರಿತು. ಮುಂದಾಲೋಚನೆಯ ಕೊರತೆಯಂತೆ! ಈ ಲೆಕ್ಕದಲ್ಲಿ ಮಾಗಡಿ ರಸ್ತೆಯ ಎರಡು ಬದಿಯಲ್ಲೂ ಬುದ್ಧಿಯಿರುವ ಒಬ್ಬ ಹೆಂಗಸೂ ಸಿಗುವುದಿಲ್ಲ. ನನ್ನನ್ನು ಬೇರೆ ಕೋಣೆಯಲ್ಲಿ ಮೀನಿನ ಪತ್ರಿಕೆಯ ಮುಂದೆ ಕೂರಿಸಿದ ಬಾಬ್ ಸಾರ್‌ಗೇ ಪುಸ್ತಕದ ಪ್ರಕಾರ ಬರೀ ಒಂದು ಅಂಕ. ಅದನ್ನು ಬಾಯಿಬಿಟ್ಟು ಹೇಳುವುದರಲ್ಲಿದ್ದೆ, ಹೇಗೋ ನುಂಗಿಕೊಂಡೆ.

"ಈ ಪುಸ್ತಕ ಬರೆದೋರು ಯಾರ ಮನೆಗಾದ್ರೂ ಹೋಗಿದಾರಾ ಸಾರ್?" ಎಂದೆ.

"ನೀನು ಇದನ್ನ ಬೇಕೂ ಅಂತ ಮಾಡಿಲ್ಲ, ನಂಗೊತ್ತು. ಪುಸ್ತಕ ತೆಗೆದೇ ನೋಡಿಲ್ಲ, ಅಲ್ವಾ?"

"ಇದಕ್ಕೂ ಪುಸ್ತಕ ನೋಡ್ಬೇಕು ಅಂತ ಅನ್ನಿಸ್ಲೇ ಇಲ್ಲ."

"ಅದೇ ತೊಂದರೆ," ಎಂದರು. "ಈ ಪುಸ್ತಕ ಸರಿ ಅಂತ ನಾನು ಹೇಳ್ತಾ ಇಲ್ಲ ಸರೋಜಾ. ಎಲ್ಲರಿಗೂ ಒಂದೇ ಪುಸ್ತಕ ಅಂತ ಹೇಳ್ತಾ ಇದೀನಿ. ಇವತ್ತು ನಿಂಗೆ ಸರಿ ಅನ್ನಿಸಿದ್ದಕ್ಕೆ ನೀನು ಅಂಕ ಕೊಡ್ತೀಯ. ನಾಳೆ ಇನ್ನೊಬ್ಬ ಬರ್ತಾನೆ, ಅವನಿಗೆ ಕರಿಯರು ಹೇಳೋದೆಲ್ಲ ತಪ್ಪು ಅನ್ನಿಸುತ್ತೆ. ಅವನು ಸೊನ್ನೆ ಕೊಡ್ತಾನೆ. ಅವನನ್ನ ನಾನು ಯಾವ ಬಾಯಲ್ಲಿ ಕೇಳಲಿ? ಅಂಥವರನ್ನ ನೋಡಿದೀನಿ ನಾನು."

ಅವರು ಹೇಳಿದ್ದು ಸರಿಯಾಗಿತ್ತು. ಇವತ್ತಿಗೂ ಸರಿಯೇ, ಅದೇ ನನ್ನನ್ನು ಇನ್ನಷ್ಟು ರೇಗಿಸುವುದು. ಎರಡು ಅಂಕ ಹೋದರೆ ರೇಮಂಡ್‌ಗೆ ಒಂದೇ ಒಂದು ಅಂಕ ಕಡಿಮೆಯಾಗುತ್ತಿತ್ತು. ಆ ಒಂದರಲ್ಲಿ ಬೇಕರಿ ಹೋಗುತ್ತಿತ್ತು. ನಾನು ಕೈಕಟ್ಟಿಕೊಂಡು ಕೂತೆ. ಅಂಕ ತಿದ್ದುವುದಿಲ್ಲ ಎಂದೆ. ಅವರು ಸಹಿ ಹಾಕುವುದಿಲ್ಲ ಎಂದರು. ಸಹಿಯಿಲ್ಲದಿದ್ದರೂ ಬೇಕರಿಯಿಲ್ಲ.

ಕೊನೆಗೆ ಬಾಬ್ ಸಾರ್ ತಾವೇ ಪುಸ್ತಕದ ಹಿಂದಿನ ಪುಟಗಳನ್ನು ತಿರುವಿ ಒಂದು ದಾರಿ ಹುಡುಕಿದರು. ಉತ್ತರ ಸಾಲದೆನಿಸಿದಾಗ ಪರೀಕ್ಷಕರು ಒಂದು ಸಲ, 'ಬೇರೆ ಏನಾದರೂ ಮಾಡಬಹುದೇ?' ಎಂದು ಕೇಳಬಹುದು. ನಾನು ಕೇಳಿರಲಿಲ್ಲ. ಕೇಳದಿದ್ದರೆ ಹದಿನೈದು ದಿನದೊಳಗೆ ಕೇಳಲು ಅವಕಾಶವಿತ್ತು. ಸುಳಿವು ಕೊಡುವಂತಿಲ್ಲ. ಒಂದಕ್ಕಿಂತ ಹೆಚ್ಚು ಉತ್ತರ ಬಂದರೆ, ಇವುಗಳಲ್ಲಿ ನಿನ್ನದು ಯಾವುದು ಎಂದು ಕೇಳಿ, ಆತ ಆರಿಸಿದ್ದಕ್ಕೆ ಅಂಕ ಹಾಕಬೇಕು.

"ಅವನಿಗೆ ತಲೆ ಇದೆ," ಎಂದರು. "ಕೇಳಿ ನೋಡು. ಇನ್ನೊಂದು ದಿನ ಬನ್ನಿ ಅಂತೀನಿ ಅಂತ ಒಂದು ಮಾತು ಅಂದ್ರೆ ಸಾಕು. ನಾನು ಕಣ್ಣು ಮುಚ್ಚಿ ಸಹಿ ಹಾಕ್ತೀನಿ."

ಲಾಂಡ್ರಿ

ಲಾಂಡ್ರಿಯಲ್ಲಿ ಆ ಹೊತ್ತು ಕೆಲಸ ನಡೆದಿತ್ತು. ಕಾವಲುಗಾರ ಮಡಿಸಿದ ಹೊದಿಕೆಗಳನ್ನು ಪೇರಿಸಿದ್ದ ಒಂದು ಸಣ್ಣ ಕೋಣೆ ತೋರಿಸಿ, ರೇಮಂಡನನ್ನು ಕಳಿಸಿದ. ಆತ ಏಪ್ರನ್ನಿಗೆ ಕೈ ಒರೆಸುತ್ತ ಬಂದು ಸ್ಟೂಲಿನ ಮೇಲೆ ಕೂತ. ಮುಖದಲ್ಲಿ ಆಸೆ.

"ಒಂದು ಪ್ರಶ್ನೆ ಬಾಕಿ ಇದೆ, ರೇಮಂಡ್," ಎಂದು ಪುಸ್ತಕದಲ್ಲಿದ್ದಂತೆಯೇ ಓದಿದೆ. "ನೀವು ಒಂದು ತಟ್ಟೆ ಜಾಸ್ತಿ ಹಾಕ್ಬೇಕು ಅಂದಿದ್ರಿ. ಬೇರೆ ಏನಾದ್ರೂ ಮಾಡಬಹುದಾ?"

ಆತ ಯೋಚಿಸಿದ. ಆಮೇಲೆ ಮುಖ ಅರಳಿತು.

"ಓ, ಮಾಡಿದ ಅಡುಗೆ ಸಾಲದೇ ಬಂದ್ರೆ ಅಂತಾನಾ? ಆಗ ನಂದು ಆಯ್ತು ಅಂತೀನಿ ಮಿಸ್. ಈಗ ತಾನೆ ತಿಂದೆ, ಹೊಟ್ಟೇಲಿ ಜಾಗ ಇಲ್ಲ, ನೀವು ತಗೊಳ್ಳಿ ಅಂತೀನಿ. ನಮ್ಮಮ್ಮ ಹಾಗೇ ಅಂತಿದ್ಲು."

ನನ್ನ ಪೆನ್ಸಿಲ್ ನಿಂತುಹೋಯಿತು. ನಮ್ಮಮ್ಮನೂ ಹಾಗೇ ಅನ್ನುತ್ತಿದ್ದಳು. ಬಂದವರಿಗೆ ಬಡಿಸಿ, ತಾನು ಅಡುಗೆಮನೆಯಲ್ಲಿ ಗೋಡೆಯ ಕಡೆ ತಿರುಗಿ ಒಂದು ಲೋಟ ಮಜ್ಜಿಗೆ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ಬರುತ್ತಿದ್ದಳು. ಜೋಳದ ಹೊಲಗಳ ನಡುವೆ, ಜೈಲಿನೊಳಗೆ, ಖೋಟಾ ಸಹಿ ಹಾಕಿದ ಒಬ್ಬ ಮನುಷ್ಯನ ಬಾಯಲ್ಲಿ ಅಮ್ಮನ ಮಾತು ಕೇಳಿದೆ. ಆ ಮಾತಿಗೂ ಪುಸ್ತಕದಲ್ಲಿ ಸೊನ್ನೆಯೇ. ಹೇಳಿದ್ದನ್ನು ಹೇಳಿದಂತೆ ಬರೆದುಕೊಂಡೆ.

ಕೇಳುವ ಒಂದು ಅವಕಾಶ ಮುಗಿದಿತ್ತು. ಏಳಬೇಕಿತ್ತು. ಏಳಲಾಗಲಿಲ್ಲ. ರೇಮಂಡ್ ನನ್ನ ಮುಖ ನೋಡಿದ. ವರ್ಷಗಟ್ಟಲೆ ಕಾವಲುಗಾರರ ಮುಖ ನೋಡಿ ದಿನ ಹೇಗಿರುತ್ತದೆಂದು ತಿಳಿದುಕೊಂಡವನು. ನನ್ನ ಮುಖ ಅವನಿಗೆ ಯಾವ ಲೆಕ್ಕ?

"ತಪ್ಪಾಯ್ತಾ ಮಿಸ್?"

"ಅದನ್ನ ನಾನು ಹೇಳೋ ಹಾಗಿಲ್ಲ."

ಹೊರಗೆ ಯಂತ್ರಗಳು ಗಡಗಡ ಎನ್ನುತ್ತಿದ್ದವು.

"ಈಗ ಆಗಲ್ಲ, ಇನ್ನೊಂದು ದಿನ ಬನ್ನಿ ಅಂತ ಕಳಿಸಿಬಿಡೋದು," ಎಂದ ನಿಧಾನವಾಗಿ. "ದುಡ್ಡಿದ್ದೋರ ಮನೆಗಳಲ್ಲಿ ಹಾಗೆ ಮಾಡ್ತಾರೆ. ಪರೀಕ್ಷೆಯವರಿಗೆ ಬೇಕಾಗಿರೋದು ಅದೇ, ಅಲ್ವಾ?"

ನಾನು ಕೇಳದೆ ತಾನಾಗಿ ಹೇಳಿದ್ದಕ್ಕೆ ನಿಯಮದ ಅಡ್ಡಿಯಿರಲಿಲ್ಲ. ಪುಸ್ತಕ ಬರೆದವರೇ ಬಂದು ಹೇಳಿಕೊಟ್ಟಂಥ ಉತ್ತರ. ಎರಡು ಅಂಕ, ಬೇಕರಿ, ಸರ್ಟಿಫಿಕೇಟ್, ಊರು. ಆತುರದಿಂದ ಅದನ್ನೂ ಬರೆದುಕೊಂಡೆ. ಇನ್ನು ಕೊನೆಯ ನಿಯಮ ಒಂದು ಉಳಿದಿತ್ತು.

"ರೇಮಂಡ್, ನೀವು ಬೇರೆ ಬೇರೆ ಉತ್ತರ ಕೊಟ್ಟಿದೀರ. ಅತಿಥೀನ ಕೂರಿಸೋದು ಒಂದು, ಕಳಿಸೋದು ಒಂದು. ಇದರಲ್ಲಿ ನಿಮ್ಮದು ಯಾವುದು?"

ಕೇಳಿದ್ದು ಇಂಗ್ಲಿಷಿನಲ್ಲಿ. ಅದರ ಹಿಂದೆಯೇ, "ಎರಡನೇದು ಅಂದ್ಬಿಡು ಪುಣ್ಯಾತ್ಮ" ಎಂದು ಕನ್ನಡದಲ್ಲಿ ಗೊಣಗಿದೆ. ಕನ್ನಡದಲ್ಲಿ ಗೊಣಗಬಾರದೆಂದು ಪುಸ್ತಕದಲ್ಲಿ ಎಲ್ಲೂ ಬರೆದಿರಲಿಲ್ಲ.

ಆತ ತನ್ನ ಬಿರುಕು ಬಿಟ್ಟ ಕೈಗಳನ್ನು ತಿರುಗಿಸಿ ನೋಡಿಕೊಂಡ. ಯಾವುದಕ್ಕೆ ಏನು ಸಿಗುತ್ತದೆ, ಯಾವುದಕ್ಕೆ ಏನು ಹೋಗುತ್ತದೆ ಎಂದು ಅವನಿಗೆ ನನ್ನಷ್ಟೇ ಚೆನ್ನಾಗಿ ಗೊತ್ತಾಗಿತ್ತು.

"ನಮ್ಮಮ್ಮ ಇನ್ನೂ ಇದಾಳೆ ಮಿಸ್," ಎಂದ. "ಕೂರಿಸೋದನ್ನೇ ಬರ್ಕೊಳ್ಳಿ."

ಅವನ ಮೇಲೆ ನನಗೆ ಬಂದಷ್ಟು ಸಿಟ್ಟು ಆ ದೇಶದಲ್ಲಿ ಮತ್ತೆ ಯಾರ ಮೇಲೂ ಬರಲಿಲ್ಲ. ಊರಿನವರ ಹೆಸರುಗಳನ್ನೆಲ್ಲ ನೀರು ಕುಡಿದಷ್ಟು ಸಲೀಸಾಗಿ ಬರೆದು ಬ್ಯಾಂಕಿಗೆ ಟೋಪಿ ಹಾಕಿದ ಮನುಷ್ಯ. ತನ್ನ ಬದುಕಿಗೆ ಬೇಕಾದ ಒಂದೇ ಒಂದು ಸಣ್ಣ ಸುಳ್ಳು ಹೇಳಲು ಈಗ ಏನು ಬಂದಿತ್ತು ರೋಗ? ಯಾರ ಗಂಟು ಹೋಗುತ್ತಿತ್ತು? ಅವನ ಅಮ್ಮನಿಗೆ ಇದು ಎಂದಾದರೂ ತಿಳಿಯುತ್ತಿತ್ತೇ?

"ಯೋಚನೆ ಮಾಡಿ ಹೇಳಿ, ರೇಮಂಡ್," ಎಂದೆ. ಅದನ್ನೂ ಹೇಳುವಂತಿರಲಿಲ್ಲ.

"ಮಾಡಿದೆ ಮಿಸ್."

ಆತ ಕಾಯುತ್ತ ಕೂತಿದ್ದ. ಅವನು ಆರಿಸಿದ ಉತ್ತರದ ಸುತ್ತ ಗೆರೆ ಎಳೆದೆ, ಪಕ್ಕದಲ್ಲಿ ಸೊನ್ನೆ ಹಾಕಿದೆ, ಕೆಳಗೆ ನನ್ನ ಹೆಸರು ಬರೆದೆ.